ತಲೆ ಒಂದು, ಲೆಕ್ಕ ಎರಡು

ಬೇ ಏರಿಯಾದ ಕನ್ನಡಿಗರ ಮನೆಗಳಲ್ಲಿ ಮೋಟಾರ್ ಬೈಕಿನ ವಿಷಯಕ್ಕೆ ಎರಡು ಶಾಸ್ತ್ರಗಳಿವೆ. ಇಲ್ಲೇ ಹುಟ್ಟಿ ಬೆಳೆದ ಮಗ, ಹದಿನೆಂಟು ತುಂಬಿದ ಮೇಲೆ, ಬೈಕ್ ತೆಗೆದುಕೊಳ್ಳುತ್ತೇನೆ ಎಂದರೆ ಅಪ್ಪ ಅಮ್ಮ ಇಬ್ಬರ ಮುಖವೂ ಕಪ್ಪಿಡುತ್ತದೆ. ನಾವು ಬದುಕಿರುವ ತನಕ ಆ ಮಾತು ಎತ್ತಬೇಡ ಎಂಬಲ್ಲಿಗೆ ಚರ್ಚೆ ಮುಗಿಯುತ್ತದೆ. ಅದೇ ಅಪ್ಪ, ದಾವಣಗೆರೆಯಲ್ಲಿರುವ ತಮ್ಮನ ಮಗನಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿತೆಂದು ಸಂತೋಷಪಟ್ಟು ಬೈಕಿಗೆ ದುಡ್ಡು ಕಳಿಸುತ್ತಾನೆ. ಮಗನ ತಲೆಗೆ ಒಂದು ಲೆಕ್ಕ, ತಮ್ಮನ ಮಗನ ತಲೆಗೆ ಇನ್ನೊಂದು.

ತನ್ನ ಒಂದೇ ತಲೆಗೆ ಎರಡು ಲೆಕ್ಕ ಇಟ್ಟವರೂ ಇದ್ದಾರೆ. ಭಾನುವಾರ ಬೆಳಿಗ್ಗೆ ವುಡ್‌ಸೈಡ್ ಬೆಟ್ಟದ ಮೇಲೆ, ಸ್ಕೈಲೈನ್ ಬುಲವಾರ್ಡ್‌ಗೆ ಹೆದ್ದಾರಿ 84 ಬಂದು ಸೇರುವಲ್ಲಿ, ಆಲಿಸಸ್ ರೆಸ್ಟೋರೆಂಟ್ ಮುಂದೆ ಸಾಲು ಸಾಲು ಬೈಕುಗಳು ನಿಂತಿರುತ್ತವೆ. ಅಲ್ಲಿಗೆ ಹೋಗುವ ನಮ್ಮವರೂ ಇದ್ದಾರೆ. ನೂರಾರು ಡಾಲರ್ ಕೊಟ್ಟ ಹೆಲ್ಮೆಟ್, ಮೊಣಕೈಗೆ ಕವಚವಿರುವ ಜಾಕೆಟ್, ಕೈಗವಸು, ಕಣಕಾಲು ಮುಚ್ಚುವ ಬೂಟು, ಎಲ್ಲವೂ ಸರಿಯಾಗಿಯೇ ಇರುತ್ತದೆ. ಅದೇ ಮನುಷ್ಯ ಡಿಸೆಂಬರಿನಲ್ಲಿ ಬೆಂಗಳೂರಿಗೆ ಬಂದಿಳಿದ ಮರುದಿನ ಚಪ್ಪಲಿ ಮೆಟ್ಟಿಕೊಂಡು, ಬರಿತಲೆಯಲ್ಲಿ ಭಾವಮೈದುನನ ಸ್ಕೂಟರಿನ ಹಿಂದೆ ಕುಳಿತು ಗಾಂಧಿ ಬಜಾರಿಗೆ ದೋಸೆ ತಿನ್ನಲು ಹೊರಡುತ್ತಾನೆ. ಕೇಳಿದರೆ, "ಇಲ್ಲೇ ತಾನೆ, ಐದು ನಿಮಿಷ" ಎನ್ನುತ್ತಾನೆ. ಪಾಸ್‌ಪೋರ್ಟಿಗೆ ಬಿದ್ದ ಮುದ್ರೆ ನೋಡಿ ತಲೆಬುರುಡೆ ಗಟ್ಟಿಯಾಗುವುದಿಲ್ಲ.

ನಾನು ಲೆಕ್ಕಪತ್ರದ ಕಸುಬಿನವನು. ಬ್ಯಾಂಕಿಗೊಂದು ಪುಸ್ತಕ, ತೆರಿಗೆ ಇಲಾಖೆಗೊಂದು ಪುಸ್ತಕ ಇಟ್ಟ ವ್ಯಾಪಾರಿಯನ್ನು ನಮ್ಮ ಕಸುಬಿನಲ್ಲಿ ಏನೆಂದು ಕರೆಯುತ್ತಾರೆಂದು ಬಿಡಿಸಿ ಹೇಳಬೇಕಿಲ್ಲ. ಬೈಕಿನ ವಿಷಯದಲ್ಲಿ ನಾವೆಲ್ಲ ಆ ವ್ಯಾಪಾರಿಗಳೇ. "ಬೈಕು ಅಂದರೆ ಸಾವು" ಎಂದು ಬಾಯಿ ಮುಚ್ಚಿಸುವವರು ಒಂದು ಕಡೆ, "ಎಲ್ಲಾ ಹಣೆಬರಹ" ಎಂದು ಕೈ ಚೆಲ್ಲುವವರು ಇನ್ನೊಂದು ಕಡೆ. ಇಬ್ಬರೂ ಎಣಿಸುವ ಕೆಲಸದಿಂದ ತಪ್ಪಿಸಿಕೊಳ್ಳುತ್ತಿದ್ದಾರೆ ಎಂಬುದೇ ನನ್ನ ತಕರಾರು. ಕುಳಿತು ಎಣಿಸಿದರೆ ಎರಡು ಸಂಗತಿ ಗೊತ್ತಾಗುತ್ತವೆ. ಬೈಕಿನ ಅಪಾಯ ನಾವು ಅಂದುಕೊಂಡದ್ದಕ್ಕಿಂತ ದೊಡ್ಡದು. ಆ ಅಪಾಯದ ದೊಡ್ಡ ಪಾಲು ಮಾತ್ರ ಬ್ರಹ್ಮನ ಕೈಯಲ್ಲಿಲ್ಲ, ನಮ್ಮ ಕೈಯಲ್ಲಿದೆ.

ಎಣಿಸಲು ಒಂದು ಅಳತೆ ಬೇಕು. ಅದನ್ನು ಕೊಟ್ಟವರು ನಮ್ಮ ನೆರೆಯಲ್ಲೇ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ರೊನಾಲ್ಡ್ ಹೊವರ್ಡ್. ಹತ್ತು ಲಕ್ಷದಲ್ಲಿ ಒಂದು ಪಾಲು ಸಾಯುವ ಸಂಭವಕ್ಕೆ ಅವರು ಮೈಕ್ರೋಮಾರ್ಟ್ ಎಂದು ಹೆಸರಿಟ್ಟರು. ಚಿನ್ನಕ್ಕೆ ಗುಲಗಂಜಿ ಇದ್ದಂತೆ ಸಾವಿನ ಸಂಭವಕ್ಕೆ ಇದು. ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆಯ ಇತ್ತೀಚಿನ ವರ್ಷಗಳ ಅಂಕಿಗಳ ಪ್ರಕಾರ ಬೈಕುಗಳು ಓಡುವ ಪ್ರತಿ 10 ಕೋಟಿ ಮೈಲಿಗೆ ಕನಿಷ್ಠ 25 ಸವಾರರು ಸಾಯುತ್ತಾರೆ. ಕಾರಿನಲ್ಲಿ ಕುಳಿತವರಲ್ಲಿ ಈ ಸಂಖ್ಯೆ ಒಂದಕ್ಕಿಂತ ತುಸು ಹೆಚ್ಚು, ಅಷ್ಟೆ. ಅಂದರೆ ಮೈಲಿಗೆ ಮೈಲಿ ಹೋಲಿಸಿದರೆ ಬೈಕು ಇಪ್ಪತ್ತು ಪಟ್ಟಿಗೂ ಹೆಚ್ಚು ಅಪಾಯದ್ದು. ಬೈಕಿನಲ್ಲಿ ನಾಲ್ಕು ಮೈಲಿ ಹೋದರೆ ಒಂದು ಮೈಕ್ರೋಮಾರ್ಟ್ ಖರ್ಚು.

ಈಗ ಇದನ್ನು ಮನೆಯ ಲೆಕ್ಕಕ್ಕೆ ಇಳಿಸೋಣ. ಫ್ರೀಮಾಂಟ್‌ನಿಂದ ಮೌಂಟನ್ ವ್ಯೂಗೆ ಹೋಗಿ ಬರಲು ದಿನಕ್ಕೆ 40 ಮೈಲಿ ಎಂದಿಟ್ಟುಕೊಳ್ಳಿ. ದಿನಕ್ಕೆ ಹತ್ತು ಮೈಕ್ರೋಮಾರ್ಟ್. ವರ್ಷಕ್ಕೆ 250 ಕೆಲಸದ ದಿನ ಎಂದರೆ 10,000 ಮೈಲಿ, 2,500 ಮೈಕ್ರೋಮಾರ್ಟ್. ನಾನೂರರಲ್ಲಿ ಒಂದು. ಹತ್ತು ವರ್ಷ ಹೀಗೇ ಓಡಿಸಿದರೆ ಹೆಚ್ಚುಕಡಿಮೆ ನಲವತ್ತರಲ್ಲಿ ಒಂದು. ಅಷ್ಟೇ ಮೈಲಿ ಕಾರಿನಲ್ಲಿ ಹೋದರೆ ವರ್ಷಕ್ಕೆ ಎಂಟೊಂಬತ್ತು ಸಾವಿರದಲ್ಲಿ ಒಂದು. "ನನಗೇನೂ ಆಗಲ್ಲ ಬಿಡಿ" ಎನ್ನುವ ಸವಾರ ಈ ನಲವತ್ತನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಲಿ. ಒಂದು ಬಸ್ಸಿನಲ್ಲಿ ಹಿಡಿಸುವಷ್ಟು ಜನ. ಅವರಲ್ಲಿ ಒಬ್ಬರು ಇಳಿಯುವುದಿಲ್ಲ.

ಆದರೆ ಇದು ಸರಾಸರಿ. ಯಾವ ಆಡಿಟರೂ ಒಟ್ಟು ಮೊತ್ತ ನೋಡಿ ಸಹಿ ಹಾಕುವುದಿಲ್ಲ, ಒಳಗಿನ ಬಾಬತ್ತುಗಳನ್ನು ಬಿಡಿಸಿ ನೋಡುತ್ತಾನೆ. ಈ ಸರಾಸರಿಯೊಳಗೆ ಯಾರಿದ್ದಾರೆ? ಅಮೆರಿಕದಲ್ಲಿ ಸಾಯುವ ಬೈಕ್ ಸವಾರರಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಕಾನೂನಿನ ಮಿತಿ ಮೀರಿ ಕುಡಿದಿರುತ್ತಾರೆ. ಮೂವರಲ್ಲಿ ಒಬ್ಬರಿಗೆ ಬೈಕಿನ ಲೈಸೆನ್ಸೇ ಇರುವುದಿಲ್ಲ. ಹತ್ತಿರಹತ್ತಿರ ಅಷ್ಟೇ ಮಂದಿ ಅತಿವೇಗದಲ್ಲಿರುತ್ತಾರೆ. ಎಷ್ಟೋ ರಾಜ್ಯಗಳಲ್ಲಿ ದೊಡ್ಡವರಿಗೆ ಹೆಲ್ಮೆಟ್ ಕಡ್ಡಾಯವೇ ಅಲ್ಲ. ಕುಡಿಯದೆ, ಲೈಸೆನ್ಸ್ ಪಡೆದು, ಹೆಲ್ಮೆಟ್ ಧರಿಸಿ, ಮಿತಿಯಲ್ಲಿ ಓಡಿಸುವವನು ಈ ಬಾಬತ್ತುಗಳನ್ನು ಒಂದೊಂದಾಗಿ ತನ್ನ ಖಾತೆಯಿಂದ ಹೊಡೆದುಹಾಕುತ್ತಾ ಹೋಗಬಹುದು. ಉಳಿಯುವ ಬಾಕಿ ಸೊನ್ನೆಯಂತೂ ಆಗದು, ಕಾರಿನಷ್ಟು ಸಣ್ಣದೂ ಆಗದು. ಆದರೂ ಅದು ಸರಾಸರಿಯ ಲೆಕ್ಕಕ್ಕಿಂತ ಬಹಳ ಕಡಿಮೆ. ಹಣೆಬರಹ ಎನ್ನುವುದಾದರೆ ಆ ಬಾಕಿಗೆ ಮಾತ್ರ ಅನ್ನಿ. ಇಡೀ ಲೆಡ್ಜರನ್ನು ದೇವರ ಹೆಸರಿಗೆ ಬರೆಯಬೇಡಿ.

ಮಗನಿಗೆ ಬೇಡವೆನ್ನುವ ಅಪ್ಪ ಅಮ್ಮಂದಿರಿಗೂ ಒಂದು ಮಾತು. ಬೇಡವೆನ್ನಲು ನಿಮಗೆ ಹಕ್ಕಿದೆ, ಮೇಲಿನ ಅಂಕಿಗಳು ನಿಮ್ಮ ಪರವಾಗಿಯೇ ಇವೆ. ಆದರೆ ಬೇಡ ಎಂದು ಹೇಳಿ ಎದ್ದುಹೋದರೆ ಕೆಲಸ ಮುಗಿಯಲಿಲ್ಲ. ಹದಿನೆಂಟು ದಾಟಿದವನು ಗೆಳೆಯನ ಬೈಕನ್ನು ನಿಮಗೆ ಹೇಳದೆ ಓಡಿಸಬಲ್ಲ, ಕಲಿಯದೆ ಓಡಿಸಬಲ್ಲ. ಕ್ಯಾಲಿಫೋರ್ನಿಯಾದಲ್ಲಿ 21 ತುಂಬದವರು ಬೈಕ್ ಲೈಸೆನ್ಸ್ ಪಡೆಯಬೇಕಾದರೆ ಹೈವೇ ಪೆಟ್ರೋಲ್ ಮೇಲ್ವಿಚಾರಣೆಯ ಸುರಕ್ಷತಾ ತರಬೇತಿ ಮುಗಿಸಲೇಬೇಕು. ಕಲಿಕೆಯ ಪರ್ಮಿಟ್ ಇರುವ ತನಕ ಹಿಂದೆ ಯಾರನ್ನೂ ಕೂರಿಸುವಂತಿಲ್ಲ, ಕತ್ತಲಾದ ಮೇಲೆ ಓಡಿಸುವಂತಿಲ್ಲ, ಫ್ರೀವೇ ಹತ್ತುವಂತಿಲ್ಲ. ಇದು ನಿಮ್ಮ ಪರವಾಗಿ ಸರ್ಕಾರವೇ ಹಾಕಿರುವ ಬೇಲಿ. ಎಸ್‌ಎಟಿ ಕೋಚಿಂಗಿಗೆ ಸಾವಿರಾರು ಡಾಲರ್ ಸುರಿಯುವ ನಾವು ಈ ತರಬೇತಿಯ ಹೆಸರೆತ್ತಿದರೆ ಸೋಲೊಪ್ಪಿಕೊಂಡಂತೆ ಎಂದು ಭಾವಿಸುತ್ತೇವೆ. ಕಲಿತು ಬಂದ ಹುಡುಗ ಬೈಕೇ ಬೇಡ ಎನ್ನಲೂಬಹುದು. ಎಂದರೆ ಅದು ಅವನೇ ಮಾಡಿದ ಲೆಕ್ಕವಾಗಿರುತ್ತದೆ, ಹಾಗಾಗಿ ನಿಲ್ಲುತ್ತದೆ.

ಇನ್ನು, ಈ ಊರಿನಲ್ಲಿ ನಮ್ಮಲ್ಲಿ ಹೆಚ್ಚಿನವರು ಬೈಕ್ ಸವಾರರಲ್ಲ, ಕಾರಿನವರು. ಬೈಕಿನ ಅಪಾಯ ನಮಗೆ ಸಂಬಂಧಿಸಿದ್ದಲ್ಲ ಎಂದುಕೊಂಡು ಆರಾಮವಾಗಿದ್ದೇವೆ. ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಮತ್ತು ಸಂಗಡಿಗರು ಲಾಸ್ ಏಂಜಲೀಸ್ ಸುತ್ತಮುತ್ತ ನಡೆದ ಸುಮಾರು 900 ಬೈಕ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿ 1981ರಲ್ಲಿ ವರದಿ ಕೊಟ್ಟರು. ಬೈಕಿಗೂ ಇನ್ನೊಂದು ವಾಹನಕ್ಕೂ ಡಿಕ್ಕಿಯಾದ ಪ್ರಕರಣಗಳಲ್ಲಿ ಮೂರರಲ್ಲಿ ಎರಡು ಪಾಲು ತಪ್ಪು ಆ ಇನ್ನೊಂದು ವಾಹನದ್ದು, ಬೈಕಿಗೆ ಬಿಡಬೇಕಾದ ದಾರಿಯನ್ನು ಅದು ಬಿಟ್ಟಿರಲಿಲ್ಲ. ಅದರಲ್ಲೂ ಎದುರಿನಿಂದ ಬರುವ ಬೈಕಿನ ಮುಂದೆ ಎಡಕ್ಕೆ ತಿರುಗುವ ಕಾರುಗಳದ್ದೇ ದೊಡ್ಡ ಪಾಲು. ನಲವತ್ತು ವರ್ಷ ಕಳೆದರೂ ಚಿತ್ರ ಬದಲಾಗಿಲ್ಲ. ಈಗಲೂ ಅಮೆರಿಕದಲ್ಲಿ ಎರಡು ವಾಹನಗಳ ನಡುವೆ ನಡೆದು ಬೈಕ್ ಸವಾರ ಸಾಯುವ ಅಪಘಾತಗಳಲ್ಲಿ ಶೇ. 40ಕ್ಕೂ ಹೆಚ್ಚಿನವು ಹೀಗೆಯೇ ಆಗುತ್ತವೆ: ಬೈಕು ನೇರ ಹೋಗುತ್ತಿರುತ್ತದೆ, ಕಾರು ಎಡಕ್ಕೆ ತಿರುಗುತ್ತದೆ.

"ನಾನು ನೋಡಲೇ ಇಲ್ಲ" ಎಂಬುದು ಆಮೇಲೆ ಬರುವ ಹೇಳಿಕೆ. ಅದು ಸುಳ್ಳೂ ಇರಲಾರದು. ಎದುರಿನಿಂದ ಬರುವ ಬೈಕು ಕಣ್ಣಿಗೆ ಕಿರಿದು, ಕಾರಿನ ಗಾಜಿನ ಪಕ್ಕದ ಕಂಬದ ಮರೆಯಲ್ಲಿ ಪೂರ್ತಿ ಅಡಗಬಲ್ಲದು, ಅದರ ವೇಗವೂ ಅಂದಾಜಿಗೆ ಸಿಗುವುದಿಲ್ಲ. ಎಲ್ ಕಮಿನೊ ರಿಯಲ್‌ನಲ್ಲಿ ಹಸಿರು ದೀಪಕ್ಕೆ ಎಡಕ್ಕೆ ತಿರುಗಲು ನಿಂತ ನಾವು, ತಲೆಯನ್ನು ತುಸು ಹಿಂದೆ ಮುಂದೆ ಮಾಡಿ ಇನ್ನೊಮ್ಮೆ ನೋಡಿದರೆ ಹೋಗುವುದು ಒಂದು ಸೆಕೆಂಡ್. ಮಗ ಬೈಕಿನಲ್ಲಿ ಸತ್ತಾನೆಂದು ನಿದ್ದೆ ಕೆಡುವ ಮನೆಯವರು ಇನ್ನೊಬ್ಬರ ಮಗನ ದಾರಿಗೆ ತಮ್ಮ ಕಾರು ಅಡ್ಡ ಬರಬಹುದೆಂದು ಯಾಕೆ ಒಂದು ರಾತ್ರಿಯೂ ನಿದ್ದೆ ಕೆಡುವುದಿಲ್ಲ?

ಲೇನುಗಳ ನಡುವೆ ನುಸುಳುವ ಬೈಕಿನವರನ್ನು ಬೈಯುವುದೂ ನಮ್ಮ ಬೆಳಗಿನ ಪಾರಾಯಣದ ಭಾಗ. ಬೆಂಗಳೂರಿನ ಸಿಲ್ಕ್ ಬೋರ್ಡಿನಲ್ಲಿ ಆಟೋ ಮತ್ತು ಬಸ್ಸಿನ ಸಂದಿಯಲ್ಲಿ ತೂರಿಯೇ ಕೆಲಸಕ್ಕೆ ಹೋಗುತ್ತಿದ್ದವರು ಇಲ್ಲಿ ಹೆದ್ದಾರಿ 101ರಲ್ಲಿ ನಿಂತು "ಎಂಥಾ ಜನ ಇವರು" ಎನ್ನುತ್ತಾರೆ. ಅದು ಕ್ಯಾಲಿಫೋರ್ನಿಯಾದಲ್ಲಿ ಕಾನೂನುಬದ್ಧ. 2016ರಲ್ಲಿ ಗವರ್ನರ್ ಜೆರ್ರಿ ಬ್ರೌನ್ ಸಹಿ ಹಾಕಿದ ಕಾಯ್ದೆ 2017ರ ಜನವರಿ 1ರಿಂದ ಜಾರಿಯಲ್ಲಿದೆ. ಅದಕ್ಕೆ ಹಿಂದಿನ ವರ್ಷ ಬರ್ಕ್ಲಿ ವಿಶ್ವವಿದ್ಯಾಲಯದ ಅಧ್ಯಯನವೊಂದು, ಸುತ್ತಲಿನ ವಾಹನಗಳು ಗಂಟೆಗೆ 50 ಮೈಲಿ ಮೀರದಿದ್ದಾಗ ಮತ್ತು ಬೈಕು ಅವುಗಳಿಗಿಂತ 15 ಮೈಲಿಗಿಂತ ಹೆಚ್ಚು ವೇಗದಲ್ಲಿ ಇಲ್ಲದಿದ್ದಾಗ ಹೀಗೆ ಹೋಗುವುದು ಸಾಕಷ್ಟು ಸುರಕ್ಷಿತವೆಂದು ಕಂಡುಕೊಂಡಿತ್ತು. ಸವಾರರು ಆ 15ನ್ನು ನೆನಪಿಡಲಿ. ಬೇಕೆಂದೇ ಅಡ್ಡ ಬರುವುದು, ಬಾಗಿಲು ತೆಗೆಯುವುದು ಅಪರಾಧ ಎಂಬುದನ್ನು ಕಾರಿನವರು ನೆನಪಿಡಲಿ.

ಇಲ್ಲಿಯವರೆಗೆ ಹೇಳಿದ್ದು ಬೈಕು ಆಯ್ಕೆಯಾಗಿರುವ ಊರಿನ ಮಾತು. ಕರ್ನಾಟಕದಲ್ಲಿ ಅದು ಆಯ್ಕೆಯಲ್ಲ. ಹಾಲು ಹಾಕುವವನು, ಕೊರಿಯರ್ ಹುಡುಗ, ಹಳ್ಳಿಶಾಲೆಗೆ ಹೋಗುವ ಮೇಷ್ಟ್ರು, ಗಾರ್ಮೆಂಟ್ಸ್ ಕೆಲಸಕ್ಕೆ ಹೆಂಡತಿಯನ್ನು ಬಿಟ್ಟುಬರುವ ಗಂಡ, ಇವರಿಗೆಲ್ಲ ಬೈಕೇ ಕಾಲು. ಅವರ ಮುಂದೆ ಮೈಕ್ರೋಮಾರ್ಟ್ ಲೆಕ್ಕ ಹಿಡಿದು "ಓಡಿಸಬೇಡಿ" ಎನ್ನುವ ಅನಿವಾಸಿ ಬುದ್ಧಿವಾದ ಉದ್ಧಟತನ. ಓಡಿಸಲೇಬೇಕಾದವರಿಗೆ ಕೇಳಬೇಕಾದ ಪ್ರಶ್ನೆ ಒಂದೇ: ಅಪಾಯದ ಯಾವ ಬಾಬತ್ತನ್ನು ಕಡಿಮೆ ದುಡ್ಡಿನಲ್ಲಿ ಹೊಡೆದುಹಾಕಬಹುದು?

ಉತ್ತರ ಕೇಂದ್ರ ಸಾರಿಗೆ ಸಚಿವಾಲಯದ ವರದಿಯಲ್ಲೇ ಇದೆ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 74,897 ಮಂದಿ ದ್ವಿಚಕ್ರ ವಾಹನದವರು. ಹೆಲ್ಮೆಟ್ ಧರಿಸದೆ ಸತ್ತವರು 50,029: ಸವಾರರು 35,692, ಹಿಂದೆ ಕುಳಿತವರು 14,337. ಇವರೆಲ್ಲ ಹೆಲ್ಮೆಟ್ ಇದ್ದಿದ್ದರೆ ಉಳಿಯುತ್ತಿದ್ದರು ಎಂದರೆ ಅದು ಸುಳ್ಳು ಲೆಕ್ಕ. ಹೆಲ್ಮೆಟ್ಟಿನಿಂದ ಸಾವು ತಪ್ಪುವ ಪ್ರಮಾಣ ಸವಾರರಲ್ಲಿ ಶೇ. 37, ಹಿಂದೆ ಕುಳಿತವರಲ್ಲಿ ಶೇ. 41 ಎಂಬುದು ಅಮೆರಿಕದ ಇಲಾಖೆಯ ಅಂದಾಜು. ಅದನ್ನೇ ಇಲ್ಲಿಗೆ ಅನ್ವಯಿಸಿ ಗುಣಿಸಿದರೆ, ದೇಶ ಬೇರೆ, ರಸ್ತೆ ಬೇರೆ ಎಂಬ ಎಚ್ಚರಿಕೆಯೊಂದಿಗೆ, ಸುಮಾರು 19,000 ಬರುತ್ತದೆ. ದಿನಕ್ಕೆ ಐವತ್ತಕ್ಕಿಂತ ಹೆಚ್ಚು ಜನ. ಹಣೆಬರಹ ಎಂದು ನಾವು ಬರೆದಿಟ್ಟ ಖಾತೆಯಲ್ಲಿ ಇಷ್ಟು ಜನ ಕೇವಲ ಹೆಲ್ಮೆಟ್ಟಿನ ಬಾಬತ್ತಿನವರು.

ಕಾನೂನು ಮಾಡಿದರೆ ಪ್ರಯೋಜನವೇನು ಎನ್ನುವವರಿಗೆ ಕ್ಯಾಲಿಫೋರ್ನಿಯಾದ್ದೇ ಉದಾಹರಣೆ. 1992ರ ಜನವರಿ 1ರಿಂದ ಇಲ್ಲಿ ಸವಾರರಿಗೂ ಹಿಂದೆ ಕುಳಿತವರಿಗೂ ಹೆಲ್ಮೆಟ್ ಕಡ್ಡಾಯವಾಯಿತು. 1991ರಲ್ಲಿ ರಾಜ್ಯದಲ್ಲಿ ಬೈಕ್ ಅಪಘಾತಗಳಲ್ಲಿ ಸತ್ತವರು 523, 1992ರಲ್ಲಿ 327. ಕರ್ನಾಟಕದಲ್ಲಿ ಹಿಂಬದಿಯವರಿಗೂ ಹೆಲ್ಮೆಟ್ ಕಡ್ಡಾಯವೆಂದು 2016ರ ಜನವರಿಯಲ್ಲಿ ಜಾರಿಗೆ ತಂದರು. 2019ರ ಕೇಂದ್ರ ತಿದ್ದುಪಡಿ ದಂಡವನ್ನು 1,000 ರೂಪಾಯಿಗೆ ಏರಿಸಿದಾಗ ಜನ ಕೂಗೆಬ್ಬಿಸಿದರು, ಅದೇ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಅದನ್ನು 500ಕ್ಕೆ ಇಳಿಸಿತು. ದಂಡ ಅರ್ಧವಾಯಿತೆಂದು ಸಂಭ್ರಮಿಸಿದವರು ಅದು ಯಾವುದರ ಬೆಲೆ ಎಂದು ಯೋಚಿಸಲಿಲ್ಲ.

"ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಸ್ಪೀಡೇ ಇಲ್ಲವಲ್ಲ" ಎಂಬುದು ನಮ್ಮವರ ಅಚ್ಚುಮೆಚ್ಚಿನ ನೆಪ. ಹೈಸ್ಕೂಲಿನ ಭೌತಶಾಸ್ತ್ರ ಸಾಕು. ಒಂದೂವರೆ ಮೀಟರ್ ಎತ್ತರದಿಂದ ಬೀಳುವ ತಲೆ ನೆಲ ಮುಟ್ಟುವಾಗ ಗಂಟೆಗೆ ಹತ್ತಿರಹತ್ತಿರ 20 ಕಿ.ಮೀ. ವೇಗದಲ್ಲಿರುತ್ತದೆ. ಬೈಕು ನಿಂತೇ ಇದ್ದರೂ ಅಷ್ಟು. ಕಲ್ಲಿನ ಫುಟ್‌ಪಾತ್ ಅಂಚಿಗೆ ತಲೆ ಬಡಿಯಲು ಹೆದ್ದಾರಿಯ ವೇಗ ಬೇಕಿಲ್ಲ.

'ನಾನು ಅವನಲ್ಲ ಅವಳು' ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಸಂಚಾರಿ ವಿಜಯ್ ಅವರನ್ನು ನಾವು ಕಳೆದುಕೊಂಡದ್ದು 2021ರ ಜೂನಿನಲ್ಲಿ. ಕೋವಿಡ್ ನೆರವಿನ ಕೆಲಸದಲ್ಲಿ ತೊಡಗಿದ್ದ ಅವರು ಜೂನ್ 12ರ ರಾತ್ರಿ ಜೆ.ಪಿ. ನಗರದ ಕಡೆ ಗೆಳೆಯರ ಬೈಕಿನ ಹಿಂದೆ ಕುಳಿತಿದ್ದರು. ಬೈಕು ಜಾರಿ ತಲೆಗೆ ತೀವ್ರ ಪೆಟ್ಟಾಯಿತು. ಹೆಲ್ಮೆಟ್ ಇರಲಿಲ್ಲವೆಂದು ಆಗಿನ ಪತ್ರಿಕೆಗಳು ಬರೆದವು. ಇನ್ನೂ 37 ವರ್ಷ. ಮನೆಯವರು ಅವರ ಅಂಗಾಂಗಗಳನ್ನು ದಾನ ಮಾಡಿದರು, ಊರಾದ ಪಂಚನಹಳ್ಳಿಯಲ್ಲಿ ಅಂತ್ಯಕ್ರಿಯೆ ನಡೆಯಿತು. ಹೆಲ್ಮೆಟ್ ಇದ್ದಿದ್ದರೆ ಉಳಿಯುತ್ತಿದ್ದರೇ ಎಂದು ಯಾರೂ ಆಣೆ ಮಾಡಿ ಹೇಳಲಾರರು. ಅಂದು ಇಲ್ಲಿಯೂ ಕನ್ನಡಿಗರು ಕಣ್ಣೀರಿಟ್ಟರು. ಆ ದುಃಖ ನಮ್ಮ ಮನೆಗೆ ಎಷ್ಟು ಹೆಲ್ಮೆಟ್ ತಂದಿತು ಎಂದು ಕೇಳಿದರೆ ಉತ್ತರ ಕೊಡಲು ತಡವರಿಸುತ್ತೇವೆ.

ಹಿಂದೆ ಕೂರುವವರೆಂದರೆ ನಮ್ಮ ಮನೆಗಳಲ್ಲಿ ಯಾರು? ತಾಯಿ, ಹೆಂಡತಿ, ಅಕ್ಕ, ಶಾಲೆಯ ಮಗು. ಮುಂದೆ ಕೂತ ಗಂಡಸಿನ ತಲೆಯಲ್ಲಿ ಇರುವ ಹೆಲ್ಮೆಟ್ ಹಿಂದಿನವರಿಗೆ ಇರುವುದಿಲ್ಲ, ಏಕೆಂದರೆ "ಮುಡಿದ ಹೂವು ಬಾಡುತ್ತದೆ", "ಹತ್ತಿರವೇ ಅಲ್ಲವೇ". ಮೇಲಿನ ಶೇ. 41ನ್ನು ಇನ್ನೊಮ್ಮೆ ನೋಡಿ. ಹೆಲ್ಮೆಟ್ಟಿನ ಲಾಭ ಹಿಂದೆ ಕೂತವರಿಗೇ ತುಸು ಹೆಚ್ಚು.

ಇನ್ನು ಕೆಲವರು ಹಾಕಿಕೊಳ್ಳುವುದು ಪೊಲೀಸರಿಗೆ ತೋರಿಸುವ ಹೆಲ್ಮೆಟ್. ರಸ್ತೆ ಬದಿಯಲ್ಲಿ ಕೊಂಡದ್ದು, ಕಿವಿಯ ಮೇಲಕ್ಕೇ ನಿಲ್ಲುವ ಅರ್ಧ ಚಿಪ್ಪು, ಪಟ್ಟಿ ಕಟ್ಟಿರುವುದಿಲ್ಲ. ಕೆಲಸ ಮಾಡುವುದು ಹೊರಗಿನ ಗಟ್ಟಿ ಚಿಪ್ಪೊಂದೇ ಅಲ್ಲ, ಒಳಗಿನ ಥರ್ಮೋಕೋಲ್‌ನಂಥ ದಪ್ಪ ಪದರ. ಪೆಟ್ಟು ಬಿದ್ದಾಗ ಅದು ಹಿಸುಕಿಕೊಂಡು, ತಲೆ ನಿಲ್ಲಲು ಇನ್ನಷ್ಟು ಸಮಯ ಕೊಟ್ಟು ಮಿದುಳಿನ ಪಾಲಿನ ಪೆಟ್ಟನ್ನು ತಾನು ತಿನ್ನುತ್ತದೆ. ಆ ಪದರವಿಲ್ಲದ್ದು ಟೋಪಿ, ಅಷ್ಟೆ. ಪಟ್ಟಿ ಕಟ್ಟದ ಹೆಲ್ಮೆಟ್ ಬೀಳುವಾಗ ತಲೆಗಿಂತ ಮೊದಲೇ ಹಾರಿಹೋಗುತ್ತದೆ. ಒಮ್ಮೆ ಜೋರು ಪೆಟ್ಟು ತಿಂದದ್ದನ್ನು ಮತ್ತೆ ಬಳಸಬಾರದು. 2021ರ ಜೂನ್ 1ರಿಂದ ಭಾರತದಲ್ಲಿ ಐಎಸ್‌ಐ ಗುರುತಿಲ್ಲದ ದ್ವಿಚಕ್ರ ಹೆಲ್ಮೆಟ್ ತಯಾರಿಸುವುದೂ ಮಾರುವುದೂ ಅಪರಾಧ. ಗಲ್ಲವನ್ನೂ ಮುಚ್ಚುವಂಥ, ಗುರುತಿರುವ ಹೆಲ್ಮೆಟ್ ಕೊಳ್ಳಲು ಅಮೆರಿಕದಿಂದ ಹೊತ್ತೊಯ್ಯಬೇಕಿಲ್ಲ, ಅದು ಊರಿನಲ್ಲೇ ಸಿಗುತ್ತದೆ. ಲಕ್ಷ ರೂಪಾಯಿಯ ಬೈಕಿಗೆ ಕೆಲವು ಸಾವಿರದ ಹೆಲ್ಮೆಟ್ ದುಬಾರಿ ಎನ್ನುವುದು ಆನೆ ಕೊಂಡು ಅಂಕುಶಕ್ಕೆ ಚೌಕಾಶಿ ಮಾಡಿದಂತೆ.

ಹೆಲ್ಮೆಟ್ ಆದ ಮೇಲೆ ನನ್ನ ಕಸುಬಿನ ಎರಡು ಮಾತು. ಕ್ಯಾಲಿಫೋರ್ನಿಯಾದಲ್ಲಿ ವಾಹನದವರು ಇಟ್ಟಿರಬೇಕಾದ ಕನಿಷ್ಠ ವಿಮೆ 2025ರಿಂದ, ಗಾಯಗೊಂಡ ಒಬ್ಬರಿಗೆ 30,000 ಡಾಲರ್. ಅದಕ್ಕೆ ಮುಂಚೆ 15,000 ಇತ್ತು. ಇಲ್ಲಿನ ಆಸ್ಪತ್ರೆಯ ತುರ್ತು ಚಿಕಿತ್ಸೆಯ ಬಿಲ್ ಕಂಡವರಿಗೆ ಆ ಮೊತ್ತ ಎಷ್ಟು ಹೊತ್ತಿಗೆ ಕರಗುತ್ತದೆಂದು ಗೊತ್ತು. ತಪ್ಪು ಎದುರಿನವನದ್ದೇ ಆದರೂ ಅವನ ವಿಮೆ ಸಾಲದಿದ್ದರೆ ನಿಮ್ಮ ಪಾಲಿಸಿಯೇ ತುಂಬಿಕೊಡುವ ಅನ್‌ಇನ್ಶೂರ್ಡ್ ಮತ್ತು ಅಂಡರ್‌ಇನ್ಶೂರ್ಡ್ ಮೋಟರಿಸ್ಟ್ ಕವರ್ ಇಲ್ಲದೆ ಬೈಕು ಹತ್ತಬೇಡಿ. ಊರಿನಲ್ಲಿ ವಾಹನದ ಮಾಲೀಕ-ಚಾಲಕನಿಗೆ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆಯನ್ನು 2018ರಲ್ಲಿ ಗೊತ್ತುಪಡಿಸಿದರು. ಮಾಲೀಕನ ಹೆಸರಲ್ಲಿ ನೋಂದಣಿ ಇರಬೇಕು, ಅವನೇ ಓಡಿಸುತ್ತಿರಬೇಕು, ಲೈಸೆನ್ಸ್ ಇರಬೇಕು. ನಾವು ದುಡ್ಡು ಕಳಿಸಿದ ಬೈಕು ಅಪ್ಪನ ಹೆಸರಿನಲ್ಲಿ ನೋಂದಣಿಯಾಗಿ ಮಗ ಓಡಿಸುತ್ತಿದ್ದರೆ ಆ 15 ಲಕ್ಷ ಅವನನ್ನು ಕಾಯುವುದಿಲ್ಲ. ಆರ್‌ಸಿ ಯಾರ ಹೆಸರಿನಲ್ಲಿದೆ ಎಂದು ಇವತ್ತೇ ಫೋನ್ ಮಾಡಿ ಕೇಳಬಹುದು.

ಆಯುಧಪೂಜೆಯ ದಿನ ನಮ್ಮ ಊರುಗಳಲ್ಲಿ ಬೈಕನ್ನು ತೊಳೆದು, ಅರಿಶಿನ ಕುಂಕುಮ ಹಚ್ಚಿ, ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣು ಇಟ್ಟು, ಬೂದುಗುಂಬಳ ಒಡೆಯುತ್ತೇವೆ. ಇಲ್ಲಿಯೂ ಹೊಸ ಕಾರನ್ನು ಲಿವರ್‌ಮೋರ್ ದೇವಸ್ಥಾನಕ್ಕೆ ಒಯ್ಯುತ್ತೇವೆ. ನಾನು ಇದನ್ನು ಹಾಸ್ಯ ಮಾಡುತ್ತಿಲ್ಲ, ಯಂತ್ರದ ಮುಂದೆ ಕೈಮುಗಿದವರಿಗೆ ಅದರ ಶಕ್ತಿಯ ಅರಿವಿತ್ತು. ಆದರೆ ಆ ಪೂಜೆಯಲ್ಲಿ ಹೆಲ್ಮೆಟ್ ಎಲ್ಲಿ? ಪೆಟ್ಟು ತಾನು ತಿಂದು ನಮ್ಮನ್ನು ಉಳಿಸುವ ಆಯುಧ ಅದೊಂದೇ. ಈ ಸಲ ಅದಕ್ಕೂ ಒಂದು ಬೊಟ್ಟು ಇಡಿ.

ಹಾಗಾಗಿ ಓದುವವರಲ್ಲಿ ನನ್ನ ಬೇಡಿಕೆ ಚಿಕ್ಕದು. ಊರಿಗೆ ಬೈಕಿನ ದುಡ್ಡು ಕಳಿಸುವವರು ಮೊದಲು ಎರಡು ಹೆಲ್ಮೆಟ್ಟಿನ ದುಡ್ಡು ಕಳಿಸಿ, ರಸೀದಿ ತರಿಸಿಕೊಂಡು ಆಮೇಲೆ ಬೈಕಿನದ್ದು ಕಳಿಸಿ. ರಜೆಗೆ ಹೋದಾಗ ಹೆಲ್ಮೆಟ್ ಇಲ್ಲದಿದ್ದರೆ ಹಿಂದೆ ಕೂರಬೇಡಿ, ಆಟೋದಲ್ಲಿ ಹೋಗಿ, ದೋಸೆ ತಣ್ಣಗಾಗುವುದಿಲ್ಲ. "ಅಮೆರಿಕಕ್ಕೆ ಹೋಗಿ ಬಂದು ದೊಡ್ಡಸ್ತಿಕೆ ತೋರಿಸ್ತಾನೆ" ಎಂದು ಯಾರಾದರೂ ಅಂದೇ ಅನ್ನುತ್ತಾರೆ. ದುಡ್ಡು ಕೊಟ್ಟವನು ಲೆಕ್ಕ ಕೇಳಿದರೆ ಬೇಜಾರಾಗುವುದು ಸಹಜ. ಬೇಜಾರು ಮಾಡಿಕೊಳ್ಳಲಿ. ಮುಂದಿನ ವರ್ಷ ಹೋದಾಗ ಬೇಜಾರು ಮಾಡಿಕೊಳ್ಳಲು ಅವರು ಇರಬೇಕು, ಅದು ಮುಖ್ಯ.